ಹಾಡಿನ ಕೆಳಗೆ ಮುಚ್ಚಿಹೋದ ಮಾತು

ಹಳೆಯ ಮದುವೆಯ ವಿಡಿಯೋ ನೋಡಿ "ಆ ಕಾಲ ಎಷ್ಟು ಚಂದ ಇತ್ತು" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಕಾಲದಲ್ಲಿ ನಾನಿದ್ದೆ. ಆ ವಿಡಿಯೋದಲ್ಲಿ ಮಾತ್ರ ಇಲ್ಲ.

ಅದು ಯಾರದೋ ಮದುವೆಯಲ್ಲ, ನನ್ನ ಮಗಳದು. ಮಗಳ ಮದುವೆಯ ಕ್ಯಾಸೆಟ್ಟಿನಲ್ಲಿ ಹಡೆದ ತಾಯಿಯೇ ಇಲ್ಲದಿದ್ದರೆ ನೋಡಿದವರು ಏನು ತಿಳಿದುಕೊಳ್ಳಬೇಕು? ತಾಯಿ ಸತ್ತಿದ್ದಾಳೆ ಎಂದೇ ತಿಳಿಯಬೇಕು. ಲಿಂಗಸುಗೂರಿನಲ್ಲಿ ಅಳಿಯನ ಓಣಿಯ ಒಬ್ಬ ಹೆಣ್ಣುಮಗಳು ಹಾಗೇ ತಿಳಿದಿದ್ದಳು. ಮಗಳ ಬಾಣಂತನಕ್ಕೆ ಕರೆದುಕೊಂಡು ಬರಲು ನಾನು ಹೋದಾಗ ಬಾಗಿಲಲ್ಲೇ ನಿಲ್ಲಿಸಿ, "ನೀವ್ಯಾರ್ರೀ?" ಎಂದು ಕೇಳಿದಳು. "ತಾಯಿ" ಎಂದೆ. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ವಿಡಿಯೋದಾಗ ಇರಲಿಲ್ಲಲ್ರೀ" ಎಂದಳು.

ಯಾಕಿರಲಿಲ್ಲ ಎನ್ನುವುದಕ್ಕೆ ಅದೇ ಕ್ಯಾಸೆಟ್ಟಿನಲ್ಲಿ ಸಾಕ್ಷಿ ಇತ್ತು. ಒಂದೇ ಒಂದು ಮಾತು. ಆ ಮಾತಿಗಾಗಿ ಕ್ಯಾಸೆಟ್ಟನ್ನು ಟ್ರಂಕಿನ ತಳದಲ್ಲಿ ಬೇವಿನೆಲೆಯ ನಡುವೆ ಇಟ್ಟುಕೊಂಡಿದ್ದೆ. ಕೆಲವರು ಬಂಗಾರ ಇಟ್ಟುಕೊಳ್ಳುತ್ತಾರೆ, ನಾನು ಅದನ್ನು ಇಟ್ಟುಕೊಂಡಿದ್ದೆ.

ನಮ್ಮದು ಮಸ್ಕಿ. ಹೊಲ ಮಳೆಯ ಮೇಲೆ ನಿಂತದ್ದು, ಜೋಳ, ಸಜ್ಜೆ, ಒಂದಿಷ್ಟು ತೊಗರಿ. ನಮ್ಮ ಮನೆಯವರಿಗೆ ಒಬ್ಬಳೇ ತಂಗಿ. ಆಕೆಯನ್ನು ಸಿಂಧನೂರಿನ ಕಡೆ, ಕಾಲುವೆ ನೀರಿನ ಹೊಲ ಇದ್ದ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಹೋಗುವಾಗ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತ ಹುಡುಗಿ. ಎರಡು ಬೆಳೆ ಭತ್ತ ಬರತೊಡಗಿದ ಮೇಲೆ ಅವರ ಮನೆಗೆ ಮಾಳಿಗೆ ಬಂತು, ಮಾಳಿಗೆಯ ಮೇಲೆ ಟಿವಿಯ ಕಂಬಿ ಬಂತು, ಆಕೆಯ ದನಿಯೂ ಮೇಲಕ್ಕೆ ಹೋಯಿತು. ಬಂದಾಗಲೆಲ್ಲ ನಮ್ಮ ಜೋಳದ ರೊಟ್ಟಿ ಮುರಿದು, "ಹಲ್ಲಿಗೆ ಬಡದಂಗ ಆಗ್ತೈತಿ ನೋಡ್ರಿ, ಅನ್ನ ಉಂಡು ರೂಢಿ ಆಗೈತಿ" ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಇದೇ ರೊಟ್ಟಿ ತಿಂದ ಹಲ್ಲು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಮಗಳಿಗೆ ಲಿಂಗಸುಗೂರಿನ ಗಂಡು ಕೂಡಿಬಂತು. ಮದುವೆಗೆ ಬಳಗದವರು ಕೊಡುವ ಸೀರೆ, ಪಾತ್ರೆಗೆ ನಮ್ಮಲ್ಲಿ ಆಯೇರಿ ಎನ್ನುತ್ತೇವೆ. ಸುದ್ದಿ ತಿಳಿದ ನಾದಿನಿ ಬಸ್ಸಿಳಿದು ಬಂದವಳೇ ಪಡಸಾಲೆಯಲ್ಲಿ ಕುಳಿತು, "ಅಣ್ಣಾ, ನನ್ನ ಆಯೇರಿ ವಿಡಿಯೋ. ಸಿಂಧನೂರಿನಿಂದ ಕರ್ಕೊಂಡ ಬರ್ತೀನಿ" ಎಂದಳು.

"ಅದ್ಯಾಕವ್ವ, ಒಂದು ಸೀರಿ ಕೊಟ್ಟ ಬಿಡು" ಎಂದರು ನಮ್ಮ ಮನೆಯವರು.

"ಸೀರಿ ಹರೀತೈತಿ ಅಣ್ಣಾ. ವಿಡಿಯೋ ಹರಿಯೂದಿಲ್ಲ."

ಇದೊಂದು ಮಾತು ಮಾತ್ರ ಆಕೆ ಖರೇ ಹೇಳಿದಳು.

ನಮ್ಮಲ್ಲಿ ಮಕ್ಕಳ ಮದುವೆಯಾದರೆ ತಾಯಿಗೆ ತವರಿನಿಂದ ಸೀರೆ ಬರಬೇಕು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಆಕೆ ಅದನ್ನೇ ಉಟ್ಟು ನಿಲ್ಲಬೇಕು. ರೇಷ್ಮೆಯೋ ನೂಲೋ, ಮೈಗೆ ಒಪ್ಪುತ್ತದೋ ಇಲ್ಲವೋ ಎಂದು ಕೇಳುವ ಹಾಗಿಲ್ಲ. ಉಡದಿದ್ದರೆ ತವರನ್ನು ತಳ್ಳಿದ ಹಾಗೆ, ನಾಲ್ಕು ಮಂದಿ ಮುಖಕ್ಕೇ ಹೇಳುತ್ತಾರೆ. ನನ್ನ ತವರು ಗುರುಗುಂಟಾ. ತಮ್ಮ ಕುರಿ ಸಾಕುತ್ತಿದ್ದ. ಮದುವೆಯ ಹಿಂದಿನ ದಿನ ಬಂದ, ಅಂಗಿಯಿಂದ ಕುರಿಹಟ್ಟಿಯ ವಾಸನೆ, ಬಗಲಲ್ಲಿ ಒಂದು ಗಂಟು. ಗಂಟಿನೊಳಗೆ ಇಳಕಲ್ ಸೀರೆ. ಕಡುನೀಲಿ ಮೈ, ಕೆಂಪು ದಡಿ, ಕೆಂಪು ಬಿಳಿ ತೆನೆಯ ಸೆರಗು.

"ನೂಲಿಂದೇ ತಂದೀನಿ ಅಕ್ಕಾ. ಗಟ್ಟಿ ಐತಿ."

"ಗಟ್ಟಿ ಇದ್ರ ಸಾಕು. ಚಹಾ ಕುಡಿ" ಎಂದೆ. ನಾವು ಅಷ್ಟೇ ಮಾತಾಡುವ ಮಂದಿ.

ಮದುವೆಯ ದಿನ ವಿಡಿಯೋದವನು ಬಂದ. ಹೆಗಲ ಮೇಲೆ ಹಾರೆಯಷ್ಟು ಭಾರದ ಯಂತ್ರ, ಹಿಂದೆ ದೀಪ ಹಿಡಿದುಕೊಂಡ ಇನ್ನೊಬ್ಬ. ದೀಪದ ವೈರನ್ನು ಮೈಕಿನ ವೈರಿಗೇ ಸುತ್ತಿದರು. ದೀಪ ಹತ್ತಿದರೆ ಮೈಕು ಸಾಯುತ್ತಿತ್ತು, ಮೈಕು ಬದುಕಿದರೆ ದೀಪ ಸಾಯುತ್ತಿತ್ತು. ನಮ್ಮ ಓಣಿಯವರು ಅಲ್ಲಿಯವರೆಗೆ ಫೋಟೋ ಮಾತ್ರ ಕಂಡವರು. ದೀಪ ಬಿದ್ದ ಕೂಡಲೇ ಎಲ್ಲರೂ ಇದ್ದಲ್ಲೇ ಗೂಟವಾದರು. ಹಿಟ್ಟು ಕಲಸುತ್ತಿದ್ದವಳು ಕೈಯನ್ನು ಹಿಟ್ಟಿನಲ್ಲಿಟ್ಟು ಉಸಿರು ಬಿಗಿಹಿಡಿದಳು. ಊಟಕ್ಕೆ ಕುಳಿತ ಸಾಲಿನವರು ತುತ್ತನ್ನು ಬಾಯಿಯ ಹತ್ತಿರ ತಂದು ಹಾಗೇ ಹಿಡಿದುಕೊಂಡರು. ವಿಡಿಯೋದವನು ತಲೆ ಚಚ್ಚಿಕೊಂಡ.

"ಅಲ್ಲಾಡ್ರೀ! ಇದು ಫೋಟೋ ಅಲ್ರೀ, ಅಲ್ಲಾಡಿದ್ರ ಬರ್ತೈತಿ. ಚಾಚಾ, ಜರಾ ಬಾಯಾಗ ಹಾಕ್ಕೋರಿ!"

ಆ ಮೇಲೆ ಎಲ್ಲರೂ ಬೇಕಾದ್ದಕ್ಕೂ ಬೇಡಾದ್ದಕ್ಕೂ ಅಲ್ಲಾಡತೊಡಗಿದರು. ಯಾವ ಮಾತೂ ಇಲ್ಲದೆ ತಲೆಯಾಡಿಸಿದರು, ಹಲ್ಲು ಕಿಸಿದರು. ಈಗ ಅದನ್ನು ನೋಡಿದವರು, "ಆವಾಗಿನ ಮಂದಿ ಎಷ್ಟ್ ನಗ್ತಿದ್ರು" ಎನ್ನುತ್ತಾರೆ. ನಗು ಎಂದು ಹೇಳಿದ್ದಕ್ಕೆ ನಕ್ಕರು.

ನಾನು ಹಿತ್ತಲಲ್ಲಿದ್ದೆ. ಗೋಧಿ ಹುಗ್ಗಿ ತಳ ಹಿಡಿಯುವುದರಲ್ಲಿತ್ತು. ಒಲೆಯ ಹೊಗೆಯಲ್ಲಿ ಕಣ್ಣು ಬಿಡಲು ಆಗದೆ ಸೌಟು ತಿರುವುತ್ತಿದ್ದೆ. ತಿರುವುವ ಕೈ ಬದಲಿಸೋಣವೆಂದು ಕೂಗಿದರೆ ಒಬ್ಬರೂ ಬರಲಿಲ್ಲ, ಎಲ್ಲರೂ ದೀಪ ಇದ್ದ ಕಡೆ. ಅಕ್ಕಿಕಾಳಿನ ಹೊತ್ತಾಯಿತೆಂದು ಕೂಗಿದಾಗ ಸೌಟು ಬಿಟ್ಟು, ಕೈ ಕಾಲು ತೊಳೆದು, ತಮ್ಮ ತಂದ ಹೊಸ ಸೀರೆ ಉಟ್ಟು, ಹಂದರಕ್ಕೆ ಬಂದು ಮಗಳ ಮಗ್ಗುಲಿಗೆ ನಿಂತೆ. ಸೀರೆಗೆ ಇನ್ನೂ ಗಂಜಿಯ ವಾಸನೆ ಇತ್ತು. ದೀಪ ನನ್ನ ಮುಖದ ಮೇಲೆ ಬಿತ್ತು. ಮರುಕ್ಷಣಕ್ಕೆ ಆಚೆ ತಿರುಗಿತು. ಆ ಕಡೆ ನಾದಿನಿ ನಿಂತಿದ್ದಳು, ಬೆಳಗಿನಿಂದ ಮೂರನೆಯ ಸೀರೆಯಲ್ಲಿ. ಮೈಕಿನ ಗದ್ದಲ, ಬಾಜಾದ ಗದ್ದಲ, ನನಗೆ ಏನೂ ಕೇಳಿಸಲಿಲ್ಲ. ದೀಪ ಮತ್ತೆ ಬರುತ್ತದೆ ಎಂದು ಸುಮ್ಮನೆ ನಿಂತೆ. ಅಕ್ಕಿಕಾಳು ಮುಗಿಯಿತು. ದೀಪ ಬರಲಿಲ್ಲ. ಹುಗ್ಗಿ ತಳ ಹಿಡಿದಿತ್ತು.

ಕ್ಯಾಸೆಟ್ಟು ತಯಾರಾಗಿ ಬರಲು ದಿನ ಹಿಡಿಯಿತು. ನಾದಿನಿಯೇ ತಂದಳು. ಟಿವಿ, ಕ್ಯಾಸೆಟ್ಟಿನ ಯಂತ್ರ ಎರಡನ್ನೂ ಬಾಡಿಗೆಗೆ ತರಿಸಿ ನಮ್ಮ ಪಡಸಾಲೆಯಲ್ಲಿ ಇಟ್ಟರು. ಮಧ್ಯಾಹ್ನದ ಬಿಸಿಲು ಒಳಗೆ ಬರಬಾರದೆಂದು ಬಾಗಿಲಿಗೆ ಜಮಖಾನೆ ಕಟ್ಟಿದೆವು. ಓಣಿಯ ಹೆಣ್ಣುಮಕ್ಕಳೆಲ್ಲ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಒಳಗೆ ಬೆವರು, ಎಲೆ ಅಡಿಕೆಯ ವಾಸನೆ, ಉಸಿರು ಕಟ್ಟುವ ಸೆಕೆ. ಮೊದಲು ಗುಲಾಬಿ ಹೂವು ಬಂತು. ಹೂವಿನ ಒಂದು ಎಸಳಿನಲ್ಲಿ ಮಗಳು, ಇನ್ನೊಂದರಲ್ಲಿ ಅಳಿಯ. ಹಿಂದೆ ನಮ್ಮ ಮಸ್ಕಿ ಗುಡ್ಡ ತಿರುಗುತ್ತಿತ್ತು, ಗುಡ್ಡಕ್ಕೆ ತಲೆ ಸುತ್ತಿ ಬಂದ ಹಾಗೆ. ಆಮೇಲೆ ನಾದಿನಿ ಬಂದಳು. ಆಮೇಲೆ ನಾದಿನಿಯ ಮಕ್ಕಳು. ನಾದಿನಿ ಹೂ ಮುಡಿದದ್ದು, ನಾದಿನಿ ಬಳೆ ಸರಿಮಾಡಿಕೊಂಡದ್ದು, ನಾದಿನಿ ನಮ್ಮ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನೀರು ತಂದದ್ದು. ಆ ಕೊಡ ಖಾಲಿ ಇತ್ತು.

"ಅಯ್ಯ, ಅದು ನಾನಲ್ಲೇನ!" ಎಂದು ಒಬ್ಬಳು ಕೂಗಿದಳು. "ನಿನ್ನ ಮೂಗು ಅಷ್ಟ್ ದೊಡ್ಡದೈತೇನ" ಎಂದು ಇನ್ನೊಬ್ಬಳು. ಎಲ್ಲರಿಗೂ ಅವರವರು ಸಿಕ್ಕರು. ನನಗೆ ನನ್ನ ಕೈ ಸಿಕ್ಕಿತು. ಹುಗ್ಗಿಯ ಸೌಟು ಹಿಡಿದ ಕೈ, ಮೊಣಕೈವರೆಗೆ. ಅದು ನನ್ನದೇ ಎಂದು ಬಳೆಯಿಂದ ಗುರುತು ಹಿಡಿದೆ.

ಅಕ್ಕಿಕಾಳು ಬಂತು. ಅಲ್ಲಿಯವರೆಗೆ ಪೂರಾ ಸಿನಿಮಾ ಹಾಡು ಹಾಕಿದ್ದರು. ಅದೊಂದು ಜಾಗದಲ್ಲಿ ಮಾತ್ರ ಮಂತ್ರ, ಬಾಜಾ ಕೇಳಲಿ ಎಂದು ಹಾಡು ಹಾಕಿರಲಿಲ್ಲ. ನಾನು ಕಾಣಿಸಿದೆ. ನೀಲಿ ಸೀರೆಯ ಹೆಗಲು, ಅರ್ಧ ಮುಖ. ಅಷ್ಟರಲ್ಲಿ ನಾದಿನಿಯ ದನಿ ಎಲ್ಲಕ್ಕಿಂತ ಮೇಲೆ ಎದ್ದಿತು.

"ಏ ತಮ್ಮಾ, ಆ ಕಡಿ ಬ್ಯಾಡೋ! ಆಕಿ ಇಳಕಲ್ ಸೀರಿ ಉಟ್ಕೊಂಡು ನಿಂತಾಳ, ಕರ್ರಗ ಕಾಣ್ತೈತಿ. ನೋಡಿದವ್ರು ಕೆಲಸದಾಕಿ ಅಂದ್ಕೊಂತಾರ. ಈ ಕಡಿ ಹಿಡಿ."

ಚಿತ್ರ ಅಲ್ಲಿಂದ ಹಾರಿತು.

ಪಕ್ಕದ ಮನೆಯವಳು ಬಾಯೊಳಗಿನ ಎಲೆಯನ್ನು ಅಗಿಯುವುದು ನಿಲ್ಲಿಸಿದಳು. ನಾದಿನಿ, "ಅಯ್ಯ, ಬೆಳಕಿನ ಸಲುವಾಗಿ ಅಂದಿದ್ದೆ" ಎಂದಳು, ಟಿವಿಯನ್ನೇ ನೋಡುತ್ತ.

ನಾನು ಕ್ಯಾಸೆಟ್ಟಿನ ಯಂತ್ರ ತಂದವನನ್ನು ಕೇಳಿದೆ. "ಇದು ಹಿಂದಕ್ಕ ಹೋಗ್ತೈತೇನಪ್ಪ?"

"ಹೋಗ್ತೈತ್ರೀ."

"ಮತ್ತೊಮ್ಮಿ ಹಾಕು."

ಹಾಕಿದ. ಕೆಲಸದಾಕಿ ಅಂದ್ಕೊಂತಾರ, ಈ ಕಡಿ ಹಿಡಿ.

"ಇನ್ನೊಮ್ಮಿ."

"ಅತ್ತಿಗೀ, ಬಿಡು ಈಗ" ಎಂದಳು ನಾದಿನಿ.

"ಯಾಕ? ಚಂದ ಬಂದೈತಲ್ಲ ನಿನ್ನ ದನಿ. ಎಲ್ಲಾರೂ ಕೇಳಲಿ."

ಅವನು ಮತ್ತೆ ಹಾಕಿದ, ಎಲ್ಲರೂ ಕೇಳಿದರು. ಆಮೇಲೆ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿದೆ. ಆಕೆಗೂ ಕೊಟ್ಟೆ, ಸಕ್ಕರೆ ಹೆಚ್ಚೇ ಹಾಕಿ ಕೊಟ್ಟೆ. ಬೈದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತು. ಮುಗಿಯುವುದು ನನಗೆ ಬೇಕಾಗಿರಲಿಲ್ಲ. ನನ್ನನ್ನು ಕೆಲಸದವಳು ಎಂದದ್ದು ಒಂದು ತೂಕ. ಕುರಿ ಮೇಯಿಸಿ ತಂದ ನನ್ನ ತಮ್ಮನ ಸೀರೆಯನ್ನು ಹಳಿದದ್ದು ಇನ್ನೊಂದು ತೂಕ. ಕ್ಯಾಸೆಟ್ಟು ವಾಪಸು ಕೇಳಿದಳು, ಅವರ ಓಣಿಯವರಿಗೆ ತೋರಿಸಬೇಕಂತೆ. "ಆಯೇರಿ ಕೊಟ್ಟದ್ದನ್ನ ವಾಪಸ್ ಒಯ್ತಾರೇನು?" ಎಂದೆ. ಬೇಕಾದವರು ನಮ್ಮಲ್ಲಿಗೇ ಬಂದು ನೋಡಲಿ. ಮಗಳು ಒಮ್ಮೆ ಲಿಂಗಸುಗೂರಿಗೆ ಒಯ್ದು ಅತ್ತೆಮನೆಯಲ್ಲಿ ತೋರಿಸಿದಳು, ತಂದು ಕೊಟ್ಟಳು. ಟ್ರಂಕಿಗೆ ಹೋಯಿತು.

ಆ ನೀಲಿ ಸೀರೆಯನ್ನು ನಾನು ಎತ್ತಿಡಲಿಲ್ಲ. ದಿನಾ ಉಟ್ಟೆ. ಹೊಲಕ್ಕೆ ಉಟ್ಟೆ, ಹಿಟ್ಟಿನ ಗಿರಣಿಗೆ ಉಟ್ಟೆ, ನಾದಿನಿ ಬಂದಾಗಲಂತೂ ತಪ್ಪದೆ ಉಟ್ಟೆ. ಕೊನೆಗೆ ಮೊಣಕಾಲಿನ ಹತ್ತಿರ ಬಲೆಯಾಯಿತು. ಹರಿದು, ಹಳೆಯ ಬಟ್ಟೆಯ ಚೂರು ಕೂಡಿಸಿ ಹೊಲಿಯುತ್ತಿದ್ದ ಕೌದಿಗೆ ಹಾಕಿದೆ.

ಕಾಯುವುದು ನನಗೆ ಕಷ್ಟವಾಗಲಿಲ್ಲ. ಮಳೆ ಕಾಯುವವರಿಗೆ ಬೇರೆಯದನ್ನು ಕಾಯುವುದು ಏನು ದೊಡ್ಡದು. ತೊಂಬತ್ತರ ದಶಕದಲ್ಲಿ ನಾದಿನಿಯ ದೊಡ್ಡ ಮಗನ ಮದುವೆ ಗೊತ್ತಾಯಿತು. ಕಲ್ಯಾಣಮಂಟಪವೇ ಹಿಡಿದಿದ್ದರು, ಸಿಂಧನೂರಿನಲ್ಲಿ. ಆಹ್ವಾನ ಕೊಡಲು ಬಂದವಳು ಅಣ್ಣನ ಮುಂದೆ ಕುಳಿತು ಎಲ್ಲ ಬಿಡಿಸಿ ಹೇಳಿದಳು.

"ಅಣ್ಣಾ, ತವರಿನ ಸೀರಿ ರೇಷ್ಮಿದಾಗ್ಲಿ. ಗಿಳಿಹಸರು ಮೈ, ಬಂಗಾರದಂಚು. ವಿಡಿಯೋದಾಗ ಎದ್ದು ಕಾಣ್ತೈತಿ. ಕುಪ್ಪಸ ನಾನು ಹೊಲಿಸಿಕೊಂಡಬಿಟ್ಟೀನಿ."

ಸೀರೆ ಬರುವ ಮೊದಲೇ ಕುಪ್ಪಸ ಹೊಲಿಸಿಕೊಂಡ ಹೆಣ್ಣುಮಗಳನ್ನು ನಾನು ಅದೊಂದೇ ಸಲ ಕಂಡದ್ದು.

ಆಕೆ ಹೋದ ಮೇಲೆ ನಮ್ಮ ಮನೆಯವರು, "ನನಗ ಸೀರಿ ಗೀರಿ ತಿಳಿಯೂದಿಲ್ಲಲೇ, ನೀನೇ ತಂದ ಬಿಡು" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಆಯೇರಿ ಅದು.

ಸಂತೆಗೆ ಇಳಕಲ್ಲಿನ ಕಡೆಯಿಂದ ಗಂಟು ಹೊತ್ತು ಬರುವ ಒಬ್ಬ ಮುದುಕನಿದ್ದ. ಟ್ರಂಕಿನಲ್ಲಿ ಉಳಿದಿದ್ದ ನನ್ನ ಹಳೆಯ ಸೀರೆಯ ದಡಿಯ ಚೂರನ್ನು ಅವನ ಕೈಗೆ ಕೊಟ್ಟೆ. "ಇದೇ ನೀಲಿ, ಇದೇ ದಡಿ, ಇದೇ ಸೆರಗು. ಬ್ಯಾರೆ ಏನೂ ಬ್ಯಾಡ."

"ಇದು ಹಳೀ ನಮೂನಿ ಯವ್ವಾ. ಈಗ ಯಾರೂ ಒಯ್ಯೂದಿಲ್ಲ. ಬ್ಯಾರೆ ಬಣ್ಣ ತೋರಿಸಲೇನು?"

"ಉಡಾಕಿ ನಾನಲ್ಲ. ತಂದು ಕೊಡು."

ಮುಂದಿನ ಸಂತೆಗಳಲ್ಲಿ ಒಂದಕ್ಕೆ ತಂದ. ಗಂಜಿ ಹಾಕಿ ನಿಲ್ಲಿಸಿದರೆ ತಾನೇ ನಿಲ್ಲುವಂಥ ಗಟ್ಟಿ ನೂಲಿನ ಸೀರೆ. ಅಗ್ಗದ್ದಲ್ಲ, ಹರಿದದ್ದಲ್ಲ, ಉಟ್ಟುಬಿಟ್ಟದ್ದಲ್ಲ. ಯಾರೂ ನನ್ನ ಕಡೆ ಬೆರಳು ಮಾಡುವ ಹಾಗಿರಬಾರದು, ಅದನ್ನು ನೋಡಿಕೊಂಡೆ.

ಕಲ್ಯಾಣಮಂಟಪದಲ್ಲಿ ಬಳಗದವರೆಲ್ಲ ಕುಳಿತ ಮೇಲೆ ತವರಿನ ಆಯೇರಿ ಮೊದಲು ಎಂದು ಕರೆದರು. ನಾದಿನಿ ಗಿಳಿಹಸಿರು ಕುಪ್ಪಸ ತೊಟ್ಟು ತಯಾರಾಗಿ ಕುಳಿತಿದ್ದಳು, ತೋಳ ಮೇಲೆ ಜರಿ ಝಗಝಗ ಎನ್ನುತ್ತಿತ್ತು. ನಾನು ಆಕೆಯ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ತಟ್ಟೆಯ ಮೇಲಿನ ಬಟ್ಟೆ ತೆಗೆದೆ.

ಸೀರೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಸೀರೆ ನೋಡಿದಳು. ಗುರುತು ಹಿಡಿದಳು, ಅದರಲ್ಲಿ ನನಗೆ ಸಂಶಯವಿಲ್ಲ.

"ಅತ್ತಿಗೀ, ಇದೇನು?"

"ತವರಿನ ಸೀರಿ."

"ಹಸರು ಹೇಳಿದ್ದೆನಲ್ಲ."

"ಹೌದಾ? ನಿಮ್ಮಣ್ಣಗ ಬಣ್ಣ ತಿಳಿಯೂದಿಲ್ಲಲ್ಲ" ಎಂದೆ. ಅಣ್ಣ ಆ ಹೊತ್ತಿಗೆ ಕಂಬದ ಹಿಂದೆ ಚಪ್ಪಲಿ ಹುಡುಕುತ್ತಿದ್ದರು.

ನಾದಿನಿ ಎದ್ದು, "ಆಮ್ಯಾಲ ಉಡ್ತೀನಿ, ಈಗ ರೇಷ್ಮಿದು ಉಟ್ಟಬಿಡ್ತೀನಿ" ಎನ್ನುತ್ತ ಒಳಗೆ ಹೊರಟಳು. ಆಗ ಆಕೆಯ ಅತ್ತೆ ಕೈಚಾಚಿ ಸೀರೆ ತೆಗೆದುಕೊಂಡಳು. ಕಣ್ಣು ಮಂದವಾಗಿದ್ದ ಮುದುಕಿ, ಜೀವನ ಪೂರಾ ಇಳಕಲ್ ಬಿಟ್ಟು ಬೇರೆ ಉಡದವಳು. ಬೆರಳಿನಲ್ಲಿ ತಿಕ್ಕಿ ತಿಕ್ಕಿ ನೋಡಿ ಮುಖ ಅರಳಿಸಿದಳು.

"ಎಂಥಾ ಅರಿವಿ! ಹಿಂಗಿರಬೇಕು ನೋಡು ತವರಂದ್ರ. ಎಲ್ಲಿಗೆ ಹೊಂಟಿ ಬೇ? ತವರಿನ ಸೀರಿ ಉಡಲಾರದ ಮಗನ ಮ್ಯಾಲ ಅಕ್ಕಿಕಾಳು ಹಾಕ್ತಿಯೇನು? ನಮ್ಮ ಮನ್ಯಾಗ ಇದು ನಡಿಯೂದಿಲ್ಲ."

"ಹಂಗಲ್ಲ ಅತ್ತಿ, ಕುಪ್ಪಸ ಹೊಂದೂದಿಲ್ಲ..."

"ಕುಪ್ಪಸ ಯಾರ ನೋಡ್ತಾರ! ಉಡು."

ಉಟ್ಟಳು. ಕಡುನೀಲಿ ಇಳಕಲ್ಲಿನ ಮೇಲೆ ಗಿಳಿಹಸಿರು ಝಗಝಗ ಕುಪ್ಪಸ. ಬೀಗರ ಕಡೆಯ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ನಾನು ಆಕೆಯ ಮಗ್ಗುಲಿಗೇ ನಿಂತೆ. ಸೋದರಮಾವನ ಹೆಂಡತಿ, ನಿಲ್ಲಲು ನನಗೆ ಹಕ್ಕಿತ್ತು. ವಿಡಿಯೋದವನು ಹಳಬನೇ, ಒಂದಿಷ್ಟು ಹೊಟ್ಟೆ ಬಂದಿತ್ತು.

"ಈ ಕಡಿ ಹಿಡಿಯಪ್ಪ" ಎಂದೆ. "ಕಾಲಿನಿಂದ ತಲಿಮಟ ಹಿಡಿ. ತವರಿನ ಸೀರಿ ಚಂದಾಗಿ ಬರಬೇಕು."

ದೀಪ ಬಂತು. ನಿಂತಿತು. ಅಲ್ಲಾಡಲಿಲ್ಲ.

ನಾದಿನಿ ತುಟಿ ಅಲುಗಿಸದೆ ಅಂದಳು, "ಬೇಕಂತ ಮಾಡಿದಿ, ಹೌದಿಲ್ಲೊ?"

"ಮತ್ತ? ಬ್ಯಾಡಂತ ಯಾರರ ಮಾಡ್ತಾರೇನು?"

"ಕರ್ರಗ ಕಾಣ್ತೈತಿ ಇದು."

"ತಡಿ, ದೀಪ ಇನ್ನೊಂದಿಷ್ಟು ಸಮೀಪ ತರಸ್ತೀನಿ."

ಆಕೆಯ ಕಣ್ಣಿನಿಂದ ನೀರು ಇಳಿಯಿತು. ಅದೂ ವಿಡಿಯೋದಲ್ಲಿ ಬಂತು. ಅಕ್ಕಿಕಾಳು ಹಾಕುವಾಗ ನನ್ನ ಕೈಯಲ್ಲಿದ್ದದ್ದನ್ನು ಮದುಮಕ್ಕಳ ಮೇಲೆ ಅರ್ಧ ಹಾಕಿದೆ, ಉಳಿದದ್ದು ಆಕೆಯ ತಲೆಯ ಮೇಲೆ ಬಿತ್ತು.

ಮಸ್ಕಿಗೆ ಬರುವ ಬಸ್ಸಿನಲ್ಲಿ ನಮ್ಮ ಮನೆಯವರು ಟಿಕೆಟ್ಟು ಮಡಚಿ ಜೇಬಿಗೆ ಹಾಕಿದರು. ಆಮೇಲೆ, "ಏನ್ ಜಿದ್ದಲೇ ನಿಂದು" ಎಂದರು.

"ನಿಮ್ಮ ತಂಗೀದು ಮುಗಿದಿತ್ತು. ನಂದು ಉಳಿದಿತ್ತು."

ಅಲ್ಲಿಗೆ ಸರಿಹೋಯಿತು ಎಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಇದ್ದೆ. ಅದನ್ನು ಕೆಡಿಸಿದ್ದು ಮೊಮ್ಮಗಳು, ಮಗಳ ಮಗಳು. ಪಾಪದ ಹುಡುಗಿ, ಆಕೆಗೆ ಏನೂ ಗೊತ್ತಿಲ್ಲ. ತನ್ನ ಮದುವೆ ಗೊತ್ತಾದ ಖುಷಿಗೆ ಹಳೆಯ ಕ್ಯಾಸೆಟ್ಟೆಲ್ಲ ಕೂಡಿಸಿ ಯಾವುದೋ ಅಂಗಡಿಗೆ ಕೊಟ್ಟು, ಈಗಿನ ಟಿವಿಗೆ ಹಾಕುವ ಹಾಗೆ ಮಾಡಿಸಿ ತಂದಳು. ನನ್ನ ಟ್ರಂಕಿನದನ್ನೂ ಕೇಳಿ ಒಯ್ದಳು, ನಾದಿನಿಯದನ್ನೂ ತರಿಸಿದಳು. ಲಿಂಗಸುಗೂರಿನ ಮನೆಯಲ್ಲಿ ಎಲ್ಲರೂ ಕೂಡಿ ನೋಡೋಣವೆಂದು ಕರೆದಳು. ನಾನು ಹೋದೆ. ನಾದಿನಿಯೂ ಬಂದಳು, ಇಬ್ಬರಿಗೂ ಮೊಣಕಾಲು ನೋವು, ಇಬ್ಬರಿಗೂ ಕುರ್ಚಿ ಹಾಕಿದರು. ಮೊಮ್ಮಗಳು, ಆಕೆಯ ಓರಗೆಯ ಹುಡುಗಿಯರು ಕೆಳಗೆ ನಾನು ಮಗಳಿಗೆ ಹೊಲಿದುಕೊಟ್ಟ ಕೌದಿಯ ಮೇಲೆ ಕುಳಿತರು.

"ಅಯ್ಯೋ ಅಜ್ಜೀ, ಕೊಡ ಎಷ್ಟ್ ಹೊಳಿತಾವ!" ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ನನ್ನ ಅಂಗೈ ಸುಲಿದಿತ್ತು. "ಎಲ್ಲಾರೂ ಕೂಡಿ ಪ್ರೀತಿಯಿಂದ ಅಡಿಗಿ ಮಾಡ್ತಿದ್ರಲ್ಲಾ." ಸೌಟು ತಿರುವಲು ಒಂದು ಕೈ ಸಿಕ್ಕಿರಲಿಲ್ಲ. "ಆವಾಗ ಮಂದಿ ಮಂದೀಗೆ ಬೇಕಾಗಿದ್ರು." ವಿಡಿಯೋಕ್ಕೆ ಹೊಗೆ ಹತ್ತುವುದಿಲ್ಲ, ವಾಸನೆ ಹತ್ತುವುದಿಲ್ಲ. ನಾನು ಕಾಯುತ್ತಿದ್ದದ್ದು ಒಂದೇ ಜಾಗಕ್ಕೆ. ಈಗ ಬರುತ್ತದೆ, ಇಷ್ಟು ಮಂದಿಯ ಮುಂದೆ ಮತ್ತೊಮ್ಮೆ ಆ ದನಿ ಬರುತ್ತದೆ, ಪ್ರೀತಿ ಎಷ್ಟಿತ್ತು ಎಂದು ಅವರೇ ಕೇಳಲಿ.

ಅಕ್ಕಿಕಾಳು ಬಂತು. ನೀಲಿ ಹೆಗಲು ಬಂತು. ಅರ್ಧ ಮುಖ ಬಂತು. ದನಿ ಬರಲಿಲ್ಲ. ಅಲ್ಲಿ ಕೊಳಲಿನ ಜೊತೆ ಯಾವುದೋ ಮೆತ್ತಗಿನ ಹಾಡು ಹರಿಯುತ್ತಿತ್ತು.

"ಇಲ್ಲಿ ಮಾತು ಇತ್ತು" ಎಂದೆ.

"ಬರೇ ಖರ್ ಖರ್ ಅಂತಿತ್ತಂತ ಅಜ್ಜೀ. ಅಂಗಡಿಯವ್ರು ಎಲ್ಲಾ ತೆಗದು ಹಾಡು ಹಾಕಿಕೊಟ್ಟಾರ. ಕ್ಯಾಸೆಟ್ಟಿಗೆ ಬೂಷ್ಟ್ ಹಿಡಿದಿತ್ತಂತ, ಅಲ್ಲೇ ಒಗದು ಬಿಡ್ರಿ ಅಂದೆ."

ನಾದಿನಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ನನ್ನ ಕಡೆ ತಿರುಗಲಿಲ್ಲ. ಆದರೆ ಆಕೆಯ ಕಾಲ ಹೆಬ್ಬೆರಳು ಹಾಡಿಗೆ ತಾಳ ಹಾಕುತ್ತಿತ್ತು.

ಎರಡನೆಯದನ್ನು ಹಾಕಿದರು, ಆಕೆಯ ಮಗನ ಮದುವೆ. ಇದಾದರೂ ಇದೆಯಲ್ಲ ಎಂದು ನಾನು ನೆಟ್ಟಗೆ ಕುಳಿತೆ. ಇಳಕಲ್ ಉಟ್ಟು ಹಸಿರು ಕುಪ್ಪಸ ತೊಟ್ಟು ನಾದಿನಿ ಬಂದಳು. ಹುಡುಗಿಯರೆಲ್ಲ ಒಂದೇ ಸಲ ಕೂಗಿದರು.

"ಅಬ್ಬಾ! ಎಲ್ಲಾರೂ ಝಗಝಗ ಅಂತ ಉಟ್ಟಾರ, ಈ ಅಜ್ಜಿ ಒಬ್ಬಾಕೀನೇ ಕೈಮಗ್ಗದ್ದು ಉಟ್ಟಾಳ ನೋಡ್ರಿ!"

"ಕುಪ್ಪಸ ನೋಡ್ರೇ, ಕಾಂಟ್ರಾಸ್ಟ್! ಈಗ ಎಲ್ಲಾರೂ ಹಿಂಗೇ ಹೊಲಿಸಾಕತ್ತಾರ."

"ಮಗನ ಮದುವ್ಯಾಗ ಖುಷಿಗೆ ಅಳಾಕತ್ತಾಳ, ಪಾಪ. ಅಜ್ಜೀ, ನೀನೇ ಆರಿಸಿಕೊಂಡಿದ್ದೇನು ಈ ಸೀರಿ?"

ನಾದಿನಿ ಸೆರಗು ಸರಿಮಾಡಿಕೊಂಡಳು. ಕೆಮ್ಮಿದಳು. "ಹೂಂ ಮತ್ತ. ನನಗ ಮೊದಲಿನಿಂದಾನೂ ಇಳಕಲ್ ಅಂದ್ರ ಜೀವ" ಎಂದಳು.

ನನ್ನ ತಲೆಯೊಳಗೆ ಒಲೆ ಹತ್ತಿತು. ನನ್ನ ಮಾನ ಹೋದ ಮಾತು ಹಾಡಿನ ಕೆಳಗೆ ಹೋಯಿತು. ನಾನು ತೀರಿಸಿದ ಸೇಡು ಆಕೆಯ ಚಂದ ಆಗಿ ಕುಳಿತಿತು. ಬಾಯಿ ಬಿಟ್ಟು ಎಲ್ಲ ಹೇಳಿಬಿಡೋಣ ಎಂದರೆ ಯಾರು ನಂಬುತ್ತಾರೆ? ಮುದುಕಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಕೆಳಗೆ ನೋಡಿದೆ. ಕೌದಿಯಲ್ಲಿ ಮೊಮ್ಮಗಳ ಮೊಣಕಾಲಿನ ಹತ್ತಿರ ಆ ನೀಲಿ ಚೂರು ಇತ್ತು, ನನ್ನ ತಮ್ಮ ತಂದದ್ದು.

ಆಮೇಲೆ ಬಹಳ ಮೆತ್ತಗೆ ಕೇಳಿದೆ. "ಆ ಸೀರಿ ಐತೇನು ಇನ್ನೂ?"

"ಐತಿ. ಪೆಟಿಗ್ಯಾಗ ಹೊಸದಿದ್ದಂಗ ಐತಿ" ಎಂದಳು ನಾದಿನಿ ಹೆಮ್ಮೆಯಿಂದ. ಉಡದಿದ್ದರೆ ಹೊಸದಾಗಿಯೇ ಇರುತ್ತದೆ.

"ಅಜ್ಜೀ, ನನಗ ಕೊಡು! ಮದುವಿಗೆ ನಾ ಉಡ್ತೀನಿ" ಎಂದು ಮೊಮ್ಮಗಳು ಎದ್ದಳು.

"ನೀ ಬ್ಯಾಡವ್ವ" ಎಂದೆ. "ನೀ ಹೊಸದು ಉಡು. ಅದು ಆಕಿ ಜೀವದ ಸೀರಿ, ತವರಿಂದು. ಆಕೀನೇ ಉಡಲಿ. ನಿನ್ನ ಅಕ್ಕಿಕಾಳಿಗೆ ಆಕಿ ಅದನ್ನ ಉಟ್ಟು, ಅದೇ ಹಸರು ಕುಪ್ಪಸ ತೊಟ್ಟು ನಿಂತ್ರ ಎಷ್ಟ್ ಚಂದ ಕಾಣ್ತೈತಿ. ಹಳೇ ವಿಡಿಯೋದಾಗ ಇದ್ದಂಗೇ."

ಹುಡುಗಿಯರು ಚಪ್ಪಾಳೆ ತಟ್ಟಿದರು. "ಹೌದು ಹೌದು! ಅಜ್ಜೀ, ನೀ ಉಡಬೇಕು! ಹೂಂ ಅನ್ನು!"

ನಾದಿನಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಈ ಸಲ ಅತ್ತೆಯಿಲ್ಲ, ರೂಢಿಯಿಲ್ಲ, ಆಕೆಯನ್ನು ಕಟ್ಟಿಹಾಕಿದ್ದು ಆಕೆಯದೇ ಮಾತು. ನನ್ನ ಕಡೆ ತಿರುಗಿದಳು. ಟಿವಿಯ ಮೇಲೆ ಕಣ್ಣೀರು ತುಂಬಿಕೊಂಡು ನಿಂತಿದ್ದ ಮುಖವೂ, ಕುರ್ಚಿಯಲ್ಲಿದ್ದ ಮುಖವೂ ಒಂದೇ ಆಗಿದ್ದವು.

"ಆ ಕುಪ್ಪಸ ಈಗ ಹಿಡಿಯೂದಿಲ್ಲ ಅತ್ತಿಗೀ" ಎಂದಳು.

"ಹೊಲಿಗಿ ಬಿಚ್ಚಿಸಿಕೊಡ್ತೀನಿ. ಬರೂ ಸೋಮವಾರ ಕಳಿಸಿಬಿಡು."

ಸೀರೆಯೂ ಕುಪ್ಪಸವೂ ಮಸ್ಕಿಗೆ ಬಂದಿವೆ. ಹೊಲಿಗೆ ಬಿಚ್ಚಿಸಿದ್ದೇನೆ, ಸೀರೆಗೆ ಗಂಜಿ ಹಾಕಿಸಿದ್ದೇನೆ. ಯುಗಾದಿ ಆದ ಮೇಲೆ ಮದುವೆ. ಈಗಿನ ವಿಡಿಯೋದವರಿಗೆ ದೀಪವೂ ಬೇಡವಂತೆ, ಹಗಲಿನಲ್ಲೇ ಮೈಮೇಲಿನ ಎಳೆ ಎಳೆ ಕಾಣುತ್ತದಂತೆ. ನಾನು ಆಕೆಯ ಮಗ್ಗುಲಿಗೇ ನಿಲ್ಲುತ್ತೇನೆ. ಮುಂದೆ ಆ ವಿಡಿಯೋವನ್ನೂ ಯಾರೋ ನೋಡಿ ಎಷ್ಟು ಚಂದ, ಎಷ್ಟು ಪ್ರೀತಿ ಎನ್ನುತ್ತಾರೆ. ಅನ್ನಲಿ. ಹಾಡು ಹಾಕುವವರು ಹಾಕಲಿ. ಹಾಡಿನ ಕೆಳಗೆ ಏನಿತ್ತು ಎಂಬುದನ್ನು ನಾನು ಇಲ್ಲಿ ಬರೆದಿಟ್ಟಿದ್ದೇನೆ: ಏ ತಮ್ಮಾ, ಆ ಕಡಿ ಬ್ಯಾಡೋ, ಕೆಲಸದಾಕಿ ಅಂದ್ಕೊಂತಾರ, ಈ ಕಡಿ ಹಿಡಿ.